ಉಳಿದ ಎಣ್ಣೆಯನ್ನೂ ಕೈಗೆ ಕೊಡುವ ಗ್ಯಾರೇಜ್

ಧಾರವಾಡದಲ್ಲಿ ಸ್ಕೂಟರ್ ಓಡಿಸುವವರು, ಅದರಲ್ಲೂ ಗ್ಯಾರೇಜಿಗೆ ಹೋದಾಗೆಲ್ಲ ‘ಇವರು ಹೇಳುತ್ತಿರುವುದು ನಿಜವೋ ಸುಳ್ಳೋ’ ಎಂದು ಒದ್ದಾಡುವ ಹೆಣ್ಣುಮಕ್ಕಳು, ಇದನ್ನು ಪೂರ್ತಿ ಓದಿ. ನಮ್ಮ ಚರ್ಚಿನವರೂ ಓದಿ. ನಾನು ನಾಲ್ಕು ವರ್ಷದಿಂದ ಹೋಗುತ್ತಿರುವ ಒಂದು ಚಿಕ್ಕ ಗ್ಯಾರೇಜಿನ ಬಗ್ಗೆ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಆ ಅರ್ಧ ಯಾಕೆ ಹೋಯಿತು ಎಂದು ಮುಂದೆ ಹೇಳುತ್ತೇನೆ.

ಗ್ಯಾರೇಜಿಗೆ ಬೋರ್ಡಿಲ್ಲ. ಹಳೆಯ ಮಂಗಳೂರು ಹೆಂಚಿನ ಒಂದು ಶೆಡ್ಡು, ಎದುರಿಗೆ ಬೇವಿನ ಮರ, ಮರದ ಕೆಳಗೆ ಗಾಡಿಗಳು. ನಡೆಸುವವರಿಗೆ ಅರವತ್ತು ದಾಟಿದೆ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೆಸರು, ಓಣಿ ಎಲ್ಲ ಬರೆಯಲಾ ಎಂದು ಕೇಳಿದ್ದಕ್ಕೆ, "ಬ್ಯಾಡವಾ, ಕೇಳಿದವ್ರಿಗೆ ಹೇಳು ಸಾಕು" ಅಂದರು. ಅವರ ಮಾತು ಮೀರುವುದಿಲ್ಲ. ಪರಿಚಯದವರು ನನ್ನನ್ನು ಕೇಳಿ, ದಾರಿ ಹೇಳುತ್ತೇನೆ.

ನಾನು ಅಲ್ಲಿಗೆ ಹೋಗಿದ್ದು ಬೇರೆ ಕಡೆ ಹೆದರಿಕೊಂಡು. ನನ್ನದು 2018ರ ಗೇರಿಲ್ಲದ ಸ್ಕೂಟರ್. ಊರಿನ ಇನ್ನೊಂದು ಕಡೆ ಒಂದು ಸರ್ವಿಸ್ ಅಂಗಡಿಗೆ ಬಿಟ್ಟಿದ್ದೆ. ಹತ್ತೇ ನಿಮಿಷದಲ್ಲಿ ಡ್ರೈವ್ ಬೆಲ್ಟ್ ಹೋಗಿದೆ, ರೋಲರ್ ಹೋಗಿದೆ, ಎರಡೂ ಬ್ರೇಕ್ ಶೂ ಹೋಗಿವೆ, ಒಟ್ಟು 3,400 ರೂಪಾಯಿ ಆಗುತ್ತೆ ಎಂದು ಚೀಟಿ ಬರೆದುಕೊಟ್ಟರು. ಬೆಲ್ಟ್ ಇರುವುದು ಎಡಗಡೆಯ ಕವರ್ ಒಳಗೆ. ಅವರು ಆ ಕವರ್ ಬಿಚ್ಚಿಯೇ ಇರಲಿಲ್ಲ. ಅದು ನನಗೆ ಹೊಳೆದಿದ್ದು ಮನೆಗೆ ಬಂದ ಮೇಲೆ.

ಆಫೀಸಿನ ಗೆಳತಿ ಕಾಕಾ ಹತ್ತಿರ ಕಳಿಸಿದಳು. ಅವರು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕವರ್ ಬಿಚ್ಚಿದರು. ಬೆಲ್ಟನ್ನು ಹೊರಗೆ ತೆಗೆದು, ಒರೆಸಿ, ಹಿಂದೆ ಮುಂದೆ ಬಾಗಿಸಿ ತೋರಿಸಿದರು. "ನೋಡವಾ, ಎಲ್ಲೂ ಬಿರುಕಿಲ್ಲ. ಇದನ್ನ ಬದಲಿ ಮಾಡೂದ್ ಬ್ಯಾಡ, ಇನ್ನೂ ಛಲೋ ಐತಿ." ರೋಲರ್‌ಗಳೂ ಅಷ್ಟೇ. ಸವೆದು ಚಪ್ಪಟೆ ಆಗಿರಲಿಲ್ಲ. ಹಿಂದಿನ ಬ್ರೇಕ್ ಶೂ ಮಾತ್ರ ನಿಜವಾಗಿಯೂ ಸವೆದಿತ್ತು. ಅದನ್ನು ಬದಲಿಸಿದರು. ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಎಣ್ಣೆ ಬದಲಿಸಿದರು, ಏರ್ ಫಿಲ್ಟರ್ ಊದಿದರು, ಕೇಬಲ್ ಬಿಗಿ ಮಾಡಿದರು. ಎಲ್ಲ ಸೇರಿ ಸಾವಿರದ ಒಳಗೇ ಮುಗಿಯಿತು.

ಆಮೇಲೆ ಒಂದು ಕೆಲಸ ಮಾಡಿದರು ನೋಡಿ, ಅದಕ್ಕೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಹೊಸ ಎಂಜಿನ್ ಆಯಿಲ್ ಬಾಟಲಿಯ ಸೀಲನ್ನು ನನ್ನೆದುರೇ ಒಡೆದು, ಗಾಡಿಗೆ ಎಷ್ಟು ಬೇಕೋ ಅಷ್ಟು ಅಳೆದು ಹಾಕಿ, ಕಡ್ಡಿಯಲ್ಲಿ ಮಟ್ಟ ನೋಡಿದರು. ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಯಿತು. ಮುಚ್ಚಳ ಬಿಗಿ ಮಾಡಿ, ಒರೆಸಿ, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟರು. ನಾನು ಇದೇನು ಎಂಬಂತೆ ನೋಡಿದೆ. "ಪೂರ್ತಿ ಬಾಟಲಿ ರೊಕ್ಕ ನೀ ಕೊಟ್ಟೀಯಲ್ಲವಾ, ನಿಂದ ಅದು" ಅಂದರು.

ಹನ್ನೊಂದು ವರ್ಷ ಗಾಡಿ ಓಡಿಸಿದ್ದೇನೆ. ಅಲ್ಲಿಯವರೆಗೆ ಉಳಿದ ಎಣ್ಣೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ದಿನಕ್ಕೆ ಏಳೆಂಟು ಗಾಡಿ ಬರುವ ಕಡೆ ಒಂದೊಂದರಲ್ಲಿ ಅಷ್ಟಷ್ಟು ಉಳಿಸಿಕೊಂಡರೆ ವಾರದಲ್ಲಿ ಎಷ್ಟು ಬಾಟಲಿ ಆಗುತ್ತೆ, ಯೋಚಿಸಿ. ಯಾರಿಗೂ ಗೊತ್ತಾಗದ ದುಡ್ಡು ಅದು.

ಅವರು ಕ್ರೈಸ್ತರು ಅಂತ ನನಗೆ ಆಗ ಗೊತ್ತಿರಲಿಲ್ಲ. ಗೋಡೆಯ ಮೇಲೆ ವಾಕ್ಯ ಇಲ್ಲ, ಶಿಲುಬೆ ಇಲ್ಲ. ಒಂದು ಕ್ಯಾಲೆಂಡರ್, ಸ್ಪ್ಯಾನರ್‌ಗಳ ಸಾಲು, ಅಷ್ಟೇ. ಎರಡು ತಿಂಗಳಾದ ಮೇಲೆ ಸುಗ್ಗಿ ಹಬ್ಬದ ದಿನ ನಮ್ಮ ಚರ್ಚಿನಲ್ಲೇ, ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದರು. ನಾನು ಗುರುತೇ ಹಿಡಿಯಲಿಲ್ಲ, ಅವರೇ ನಕ್ಕರು. ಅಷ್ಟು ವರ್ಷ ಒಂದೇ ಚರ್ಚಿಗೆ ಹೋಗುತ್ತಿದ್ದೆವಂತೆ.

ಇಲ್ಲಿ ಸ್ವಲ್ಪ ನಮ್ಮ ಚರ್ಚಿನ ಮಾತು ಹೇಳಬೇಕು. ಬೇರೆಯವರು ಬೇಸರ ಮಾಡಿಕೊಳ್ಳಬೇಡಿ. ನಾವು ಚಿಕ್ಕಂದಿನಿಂದ ಕೇಳುವ ಒಂದು ಪದ ಇದೆ, ‘ನೀತಿ’. ಹೊರಗಡೆ ನೀತಿ ಅಂದರೆ ನೀತಿ ಪಾಠ, ನೀತಿ ಸಂಹಿತೆ. ನಮ್ಮ ಬೈಬಲಿನಲ್ಲಿ ‘ನೀತಿವಂತ’ ಅಂದರೆ ದೇವರ ಮುಂದೆ ಸರಿಯಾಗಿ ನಿಲ್ಲುವವನು. ಅಬ್ರಹಾಮನು ದೇವರನ್ನು ನಂಬಿದ, ಆ ನಂಬಿಕೆಯೇ ಅವನಿಗೆ ನೀತಿ ಎಂದು ಎಣಿಕೆ ಆಯಿತು ಎಂದು ಆದಿಕಾಂಡದ 15ನೇ ಅಧ್ಯಾಯದಲ್ಲಿ ಇದೆ. ಯೇಸುವಿನ ಮಾತು ಸಾರಿದ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದನ್ನೇ ಹಿಡಿದುಕೊಂಡು ಪುಟಗಟ್ಟಲೆ ಬರೆದಿದ್ದಾನೆ. ಇದೆಲ್ಲ ಕೇಳಿ ಕೇಳಿ ನನಗೆ ನೀತಿ ಎಂದರೆ ಎಲ್ಲೋ ಮೇಲೆ, ದೇವರ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆಯುವ ಒಂದು ಒಳ್ಳೆಯ ಮಾತು ಅನ್ನಿಸಿಬಿಟ್ಟಿತ್ತು. ಸೋಮವಾರದ ದಿನ ಅದರಿಂದ ಏನು ಮಾಡಬೇಕು ಎಂದು ನಾನು ಕೇಳಿಕೊಂಡವಳಲ್ಲ.

ಆ ಎಣ್ಣೆ ಬಾಟಲಿ ಮನೆಗೆ ತಂದ ರಾತ್ರಿ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ತೆಗೆದೆ. ತೂಕ, ಅಳತೆ ಅಂತ ಎಲ್ಲೋ ಓದಿದ ನೆನಪಿತ್ತು. ಕೊನೆಯಲ್ಲಿ, 35 ಮತ್ತು 36ನೇ ವಚನದಲ್ಲಿ ಇದೆ. ತಕ್ಕಡಿ ಸರಿ ಇರಬೇಕು, ತೂಕದ ಕಲ್ಲು ಸರಿ ಇರಬೇಕು, ಏಫ ಸರಿ ಇರಬೇಕು, ಹಿನ್ ಸರಿ ಇರಬೇಕು. ಏಫ ಅಂದರೆ ಕಾಳು ಅಳೆಯುವುದು. ಹಿನ್ ಅಂದರೆ ಎಣ್ಣೆ, ದ್ರಾಕ್ಷಾರಸದಂಥ ದ್ರವ ಅಳೆಯುವುದು. ಆಮೇಲೆ ನಮ್ಮ ಸಭಾಪಾಲಕರನ್ನು, ಅಂದರೆ ಚರ್ಚಿನ ಪಾದ್ರಿಯನ್ನು, ಕೇಳಿದಾಗ ಅವರು ಇನ್ನೊಂದು ವಿಷಯ ಹೇಳಿದರು. ಅಲ್ಲಿ ಆ ನಾಲ್ಕಕ್ಕೂ ಮೂಲದ ಹೀಬ್ರೂ ಭಾಷೆಯಲ್ಲಿ ಇರುವುದು ‘ತ್ಸೆದೆಕ್’ ಎಂಬ ಒಂದೇ ಪದ. ನೀತಿ ಎಂದು ನಾವು ಓದುವ ಪದವೇ ಅದು. ನೀತಿಯ ತಕ್ಕಡಿ, ನೀತಿಯ ಕಲ್ಲು, ನೀತಿಯ ಏಫ, ನೀತಿಯ ಹಿನ್. ಅಬ್ರಹಾಮನಿಗೆ ಎಣಿಕೆಯಾದ ನೀತಿಯೂ ಇದೇ ಬೇರಿನಿಂದ ಬಂದ ಪದ. ನನಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷ ಪ್ರಸಂಗದಲ್ಲಿ ಕೇಳಿದ್ದ ಪದವನ್ನು ಒಬ್ಬ ಮೆಕ್ಯಾನಿಕ್ ಬಾಟಲಿಯಲ್ಲಿ ಹಾಕಿ ನನ್ನ ಡಿಕ್ಕಿಯಲ್ಲಿ ಇಟ್ಟಿದ್ದರು.

ಸರಿ, ಗ್ಯಾರೇಜಿಗೆ ಬರೋಣ.

ಎರಡನೇ ವರ್ಷ ಮುಂದಿನ ಬ್ರೇಕ್ ಶೂ ಹಾಕಿಸಿದೆ. ಇಪ್ಪತ್ತು ದಿನ ಆಗಿರಬೇಕು, ಕಾಕಾ ಫೋನ್ ಮಾಡಿದರು. ಅವರು ಫೋನ್ ಮಾಡುವವರೇ ಅಲ್ಲ. "ತಂಗೀ, ಗಾಡಿ ಇವತ್ತ ತೊಗೊಂಡ ಬಾ. ಜೋರ ಓಡಿಸಬ್ಯಾಡ" ಅಂದರು. ಹೋದರೆ ಮರದ ಕೆಳಗೆ ನನ್ನ ಹಾಗೇ ಇನ್ನೂ ಮೂರು ಜನ. ವಿಷಯ ಏನೆಂದರೆ ಸ್ಪೇರ್ ಪಾರ್ಟ್ಸ್ ತಂದ ಕಡೆಯಿಂದ ಒಂದು ಲಾಟು ಡುಪ್ಲಿಕೇಟ್ ಬಂದಿತ್ತು. ಡಬ್ಬಿ ಕಂಪನಿಯದೇ ತರಹ, ಹೋಲೋಗ್ರಾಮ್ ಕೂಡ ಇತ್ತು. ಅದೇ ಲಾಟಿನ ಒಂದು ಶೂ ಬೇರೆ ಗಾಡಿಯಲ್ಲಿ ಬೇಗ ಸವೆದು ಬಂದಾಗ ಅವರಿಗೆ ಅನುಮಾನ ಬಂತು. ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಯಾವ ಗಾಡಿಗೆ ಯಾವ ದಿನ ಏನು ಹಾಕಿದೆ ಎಂದು ಬರೆದಿಡುತ್ತಾರೆ. ಅದನ್ನು ಹಿಂದಕ್ಕೆ ತಿರುವಿ ಆ ಡಬ್ಬಿಯಿಂದ ಹೋದ ಹನ್ನೊಂದು ಗಾಡಿ ಹುಡುಕಿ ಎಲ್ಲರಿಗೂ ಫೋನ್ ಮಾಡಿದ್ದರು.

ನನ್ನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಅವರು ಸುಮ್ನೆ ಇದ್ದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಮುಂದೆ ಬೇಗ ಸವೆದರೆ ‘ಧೂಳಿನ ರಸ್ತೆ, ಸವೆದಿದೆ’ ಅಂದಿದ್ದರೆ ನಾನು ನಂಬುತ್ತಿದ್ದೆ. ಹೊಸದು ಹಾಕಿದರು. ಶೂ ಹಣವನ್ನೂ ತೆಗೆದುಕೊಳ್ಳಲಿಲ್ಲ, ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಪಾರ್ಟ್ಸ್ ಕೊಟ್ಟವರು ಹಣ ವಾಪಸ್ ಕೊಟ್ಟರಾ ಎಂದು ಕೇಳಿದೆ. ಇಲ್ಲವಂತೆ. ನಿಮಗೇ ಮೋಸ ಆಗಿದೆ, ನಷ್ಟ ನೀವ್ಯಾಕೆ ಹೊರಬೇಕು ಅಂದೆ. "ನಿನ್ನ ಗಾಡಿಗೆ ಹಾಕಿದ ಕೈ ನಂದಲ್ಲವಾ" ಅಂದರು, ಮುಂದಿನ ಗಾಡಿಗೆ ಹೋದರು.

ಆ ದಿನ ಮರದ ಕೆಳಗೆ ಕಾಯುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಮಾಸ್ತರು, ಹಣೆಯಲ್ಲಿ ವಿಭೂತಿ. "ಇದನ್ನ ನಾವು ಕಾಯಕ ಅಂತೀವ್ರಿ" ಎಂದರು. ನಾನು ಹೌದ್ರೀ ಅಂದೆ. ಪ್ರಾಮಾಣಿಕತೆ ನಮ್ಮ ಚರ್ಚಿಗೆ ಮಾತ್ರ ಸೇರಿದ್ದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೇ ದೊಡ್ಡ ಸುಳ್ಳು. ಭಾನುವಾರ ಮುಂದಿನ ಬೆಂಚಿನಲ್ಲಿ ಕುಳಿತು ಸೋಮವಾರ ತಕ್ಕಡಿ ಒತ್ತುವವರು ನಮ್ಮಲ್ಲೂ ಇದ್ದಾರೆ. ಬೈಬಲಿನಲ್ಲಿ ಆಮೋಸ ಪ್ರವಾದಿ ಬೈದಿದ್ದು ಇಂಥವರನ್ನೇ. ವ್ಯಾಪಾರ ಮಾಡಬಾರದ ಸಬ್ಬತ್ ದಿನ ಯಾವಾಗ ಮುಗಿಯುತ್ತೋ, ಯಾವಾಗ ಅಳತೆ ಕಿರಿದು ಮಾಡಿ ಮಾರೋಣವೋ ಎಂದು ಕಾಯುವವರನ್ನು.

ಈಗ ನನ್ನ ಕಥೆ. ಬರೆಯಲು ಕಷ್ಟ ಆಗುತ್ತಿದೆ, ಆದರೆ ಇದನ್ನು ಬಿಟ್ಟರೆ ಈ ವಿಮರ್ಶೆಯೂ ಕಳ್ಳ ತೂಕವೇ.

ನಮ್ಮ ಆಫೀಸಿನಲ್ಲಿ ಗಾಡಿ ರಿಪೇರಿಗೆ ವರ್ಷಕ್ಕೆ ಇಷ್ಟು ಎಂದು ಬಿಲ್ ಕೊಟ್ಟರೆ ಹಣ ಕೊಡುತ್ತಾರೆ. ಎಲ್ಲರೂ ಸ್ವಲ್ಪ ಜಾಸ್ತಿ ಬರೆಸುತ್ತಾರೆ. ಮೊದಲಿನ ಅಂಗಡಿಗಳಲ್ಲಿ ನಾನೂ ಬರೆಸಿದ್ದೇನೆ, ನಾನು ಕೇಳುವ ಮೊದಲೇ ಅವರು ‘ಎಷ್ಟಕ್ಕೆ ಬರೀಲಿ ಮೇಡಂ’ ಅನ್ನುತ್ತಿದ್ದರು. ಹೋದ ವರ್ಷ ಕಾಕಾ ಹತ್ತಿರ 950 ರೂಪಾಯಿ ಕೆಲಸ ಆಯಿತು. ಬಿಲ್ 1,500ಕ್ಕೆ ಕೊಡಿ ಎಂದೆ. ಆಫೀಸಿಗೆ ಅಂತ ಬೇರೆ ಸೇರಿಸಿದೆ, ಅದು ಸಮಜಾಯಿಷಿ ಆಗುತ್ತೆ ಅನ್ನುವ ಹಾಗೆ.

ಕಾಕಾ ಪೆನ್ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬೈಯಲಿಲ್ಲ. ಆಮೇಲೆ, "ತಂಗೀ, ನಿಂಗ ಕಷ್ಟ ಇದ್ರ ನನಗ ನೂರ ಇನ್ನೂರ ಕಮ್ಮಿ ಕೊಡು. ಇಲ್ಲಾ ಮುಂದ ಕೊಡು. ಸುಳ್ಳ ಬರ್ಯಾಕ ಮಾತ್ರ ನನಗ ಆಗೂದಿಲ್ಲ" ಎಂದರು. 950 ಎಂದೇ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟರು.

ನಾನು ಸಂಡೇ ಸ್ಕೂಲ್ ಟೀಚರ್. ಅದರ ಹಿಂದಿನ ಭಾನುವಾರ ಮಕ್ಕಳಿಗೆ ಜಕ್ಕಾಯನ ಪಾಠ ಮಾಡಿದ್ದೆ. ಮರ ಹತ್ತಿದ ಸುಂಕದವನು, ಯೇಸುಸ್ವಾಮಿ ಅವನ ಮನೆಗೆ ಹೋದದ್ದು, ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ್ದು. ಮಕ್ಕಳಿಗೆ ಮರದ ಚಿತ್ರ ಬಣ್ಣ ಹಾಕಲು ಕೊಟ್ಟಿದ್ದೆ. ನಾಲ್ಕರಷ್ಟು ಎಂದರೆ ಎಷ್ಟು ಎಂದು ಲೆಕ್ಕವೂ ಮಾಡಿಸಿದ್ದೆ. ಅವತ್ತು ಬೇವಿನ ಮರದ ಕೆಳಗೆ ನಿಂತಾಗ ಆ ಲೆಕ್ಕ ನೆನಪಾಗಿ ಮುಖ ಎತ್ತಲು ಆಗಲಿಲ್ಲ. ಹಿಂದೆ ಜಾಸ್ತಿ ಬರೆಸಿದ್ದ ಮೂರು ಬಿಲ್ಲುಗಳ ಹಣವನ್ನು ಆಫೀಸಿಗೆ ತಿರುಗಿ ಕಟ್ಟಲು ನನಗೆ ಐದು ತಿಂಗಳು ಬೇಕಾಯಿತು. ಹಣಕ್ಕಿಂತ ಅಕೌಂಟ್ಸ್‌ನವರಿಗೆ ಹೇಳುವುದೇ ಕಷ್ಟ ಇತ್ತು. ಕೊನೆಗೆ ಹೇಳಿದೆ, ಕಟ್ಟಿದೆ, ರಸೀದಿ ತೆಗೆದುಕೊಂಡೆ.

ಒಂದು ದಿನ ಕಾಕಾರನ್ನು ನೇರವಾಗಿ ಕೇಳಿದೆ, ಹೀಗೆ ಇರಬೇಕು ಅಂತ ನಿಮಗೆ ದೇವರ ಭಯವಾ ಎಂದು. ನಾನು ಹಾಗೆ ಬೆಳೆದವಳು, ಅದಕ್ಕೆ ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು: "ನನ್ನ ಲೆಕ್ಕ ಕರ್ತ ತೀರಿಸ್ಯಾನವಾ. ಮಂದಿ ಲೆಕ್ಕ ನಾ ತೀರಿಸಬೇಕಲ್ಲ." ಕರ್ತ ಅಂದರೆ ನಮ್ಮಲ್ಲಿ ಯೇಸುಸ್ವಾಮಿ. ಈ ಮಾತನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಒಳ್ಳೆಯ ಕೆಲಸ ಮಾಡಿ ಪರಲೋಕ ಸಂಪಾದಿಸುತ್ತೇನೆ ಎಂಬ ಆಸೆ ಅವರಿಗಿಲ್ಲ. ತಮ್ಮ ಪಾಪದ ಸಾಲ ತೀರಿಯಾಗಿದೆ ಎಂದು ಗಟ್ಟಿಯಾಗಿ ನಂಬಿದ್ದಾರೆ. ಹಾಗಾಗಿ ಎಣ್ಣೆ ಕದಿಯುವ ಅಗತ್ಯವೂ ಅವರಿಗೆ ಕಾಣುವುದಿಲ್ಲ, ಅದನ್ನು ವಾಪಸ್ ಕೊಟ್ಟಿದ್ದೇನೆ ಎಂದು ತೋರಿಸಿಕೊಳ್ಳುವ ಅಗತ್ಯವೂ ಕಾಣುವುದಿಲ್ಲ.

ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ, ಇಬ್ಬರಿಗೂ ಇಪ್ಪತ್ತು ದಾಟಿದೆ. ಒಮ್ಮೆ ಒಬ್ಬ ತಾಯಿ ಹದಿಮೂರು ವರ್ಷದ ಮಗನನ್ನು ಕರೆತಂದು ಕೆಲಸಕ್ಕೆ ಇಟ್ಟುಕೊಳ್ಳಿ ಎಂದಿದ್ದನ್ನು ನಾನೇ ನೋಡಿದ್ದೇನೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸುವುದು ಕಾನೂನಿನಲ್ಲೂ ತಪ್ಪು. ಕಾಕಾ ಕಾನೂನು ಹೇಳಲಿಲ್ಲ. ಸಾಲಿಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದರು, ಬೂಟು ಪುಸ್ತಕದ ತೊಂದರೆ ಎಂದು ಗೊತ್ತಾಯಿತು. ಮುಂದಿನದು ನಾನು ಬರೆದರೆ ಅವರಿಗೆ ಬೇಸರ ಆಗುತ್ತೆ. ಹುಡುಗ ಈಗ ಸಾಲಿಗೆ ಹೋಗುತ್ತಿದ್ದಾನೆ, ಅಷ್ಟು ಹೇಳುತ್ತೇನೆ.

ಹುಡುಗರ ಕೂಲಿ ದಿನದ ಕೊನೆಗೆ, ಶೆಡ್ಡಿನ ಬಾಗಿಲು ಹಾಕುವ ಮೊದಲು. ಗಿರಾಕಿ ಹಣ ಕೊಟ್ಟಿರಲಿ ಬಿಡಲಿ. ಕೂಲಿಯವನ ಹಣ ರಾತ್ರಿಯಿಡೀ ನಿನ್ನ ಹತ್ತಿರ ಉಳಿಯಬಾರದು ಎಂದು ಅದೇ ಯಾಜಕಕಾಂಡ 19ರಲ್ಲಿ, 13ನೇ ವಚನದಲ್ಲಿ ಇದೆ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಇರುವುದೂ ಅದೇ ಅಧ್ಯಾಯದಲ್ಲಿ, 18ನೇ ವಚನ. ಕೂಲಿಗೂ ತಕ್ಕಡಿಗೂ ನಡುವೆ. ನಾವು ಆ ಒಂದು ವಚನವನ್ನು ಮಾತ್ರ ಕಿತ್ತು ಗೋಡೆಗೆ ಹಾಕಿಕೊಳ್ಳುತ್ತೇವೆ, ಅಕ್ಕಪಕ್ಕ ಏನಿದೆ ನೋಡುವುದಿಲ್ಲ.

ಕಾಕಾಗೆ ಸಿಟ್ಟಿದೆ. ಅದನ್ನೂ ಹೇಳಬೇಕು. ಒಮ್ಮೆ ಹುಡುಗನೊಬ್ಬ ಬೋಲ್ಟಿನ ಥ್ರೆಡ್ ಹಾಳು ಮಾಡಿದ ಎಂದು ಎಲ್ಲರ ಮುಂದೆ ಕೂಗಾಡಿದರು. ನನಗೆ ಕೇಳಲು ಹಿಂಸೆ ಆಯಿತು. ಅರ್ಧ ಗಂಟೆ ಆದ ಮೇಲೆ ಚಹಾ ಬಂತು. ಅವರು ಕಪ್ ಮುಟ್ಟಲಿಲ್ಲ. ಎದ್ದು ಆ ಹುಡುಗನ ಹತ್ತಿರ ಹೋಗಿ, ಬೈದಾಗ ಯಾರ‍್ಯಾರು ನಿಂತಿದ್ದೆವೋ ಅವರೆಲ್ಲರ ಮುಂದೆಯೇ, "ತಪ್ಪಾತು ತಮ್ಮಾ, ಹಂಗ ಬೈಬಾರದಿತ್ತು" ಎಂದರು. ಹುಡುಗ ನಾಚಿಕೊಂಡು ಸ್ಪ್ಯಾನರ್ ಹುಡುಕುತ್ತಾ ಬಗ್ಗಿಬಿಟ್ಟ. ಆಮೇಲೆ ಕಾಕಾ ಚಹಾ ಕುಡಿದರು.

ಇನ್ನು ಆ ಅರ್ಧ ಸ್ಟಾರ್. ಬೇಗ ಆಗುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಸಂಜೆ, ಕೆಲವೊಮ್ಮೆ ಮಾರನೇ ದಿನ. ‘ಒಂದು ತಾಸಿನಾಗ ಆಗ್ತೈತಿ’ ಎಂದು ಸುಳ್ಳು ಹೇಳುವುದಿಲ್ಲ, ಅದು ಸರಿ, ಆದರೆ ಆಫೀಸಿಗೆ ಹೋಗುವವರಿಗೆ ಕಷ್ಟವೇ. ಕೂರಲು ಒಂದೇ ಬೆಂಚು. ಮಳೆಗಾಲದಲ್ಲಿ ಮರದ ಕೆಳಗೆ ಕೆಸರು, ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ. ಕೂಲಿ ಕೂಡ ತೀರಾ ಕಡಿಮೆ ಏನಲ್ಲ, ಬೇರೆ ಕಡೆಗಿಂತ ಐವತ್ತು ನೂರು ಜಾಸ್ತಿಯೇ ಇರುತ್ತೆ. ಪಾರ್ಟ್ಸ್ ಮಾತ್ರ ಡಬ್ಬಿಯ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚಿಲ್ಲ, ಡಬ್ಬಿಯನ್ನೂ ಕೊಡುತ್ತಾರೆ. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಹೊಸ ಹೊಗೆ ನಿಯಮದ, ಬಿಎಸ್6 ಗಾಡಿಗಳಲ್ಲಿ ಸೆನ್ಸರ್ ತೊಂದರೆ ಇದ್ದರೆ ಅವರು ಕೈ ಹಾಕುವುದಿಲ್ಲ, ಸ್ಕ್ಯಾನ್ ಮಾಡುವ ಮಷಿನ್ ಅವರ ಹತ್ತಿರ ಇಲ್ಲ. "ಇದು ನನಗ ತಿಳಿಯೂದಿಲ್ಲ, ಕಂಪನಿಗೆ ಒಯ್ರಿ" ಎಂದು ಮೊದಲೇ ಹೇಳುತ್ತಾರೆ. ಸೈಲೆನ್ಸರ್ ಸದ್ದು ಜೋರಾಗುವಂತೆ ಮಾಡಿಕೊಡಿ ಎಂದು ಬರುವ ಹುಡುಗರಿಗೂ ಇಲ್ಲ ಅನ್ನುತ್ತಾರೆ, ಓಣಿಯಲ್ಲಿ ಮುದುಕರಿದ್ದಾರೆ ಎಂದು. ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯುವುದಿಲ್ಲ. ಡ್ರಮ್ಮಿನಲ್ಲಿ ತುಂಬಿಸಿಟ್ಟು, ಶುದ್ಧ ಮಾಡಲು ಪರವಾನಗಿ ಇರುವವರಿಗೆ ಕೊಡುತ್ತಾರೆ.

ಶೆಡ್ಡಿನ ಹೆಂಚಿನ ಬಗ್ಗೆ ಒಂದು ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. 1865ರಲ್ಲಿ ಆ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇಯ್ಗೆ, ಮುದ್ರಣ, ಹೆಂಚು, ಹೀಗೆ ನಮ್ಮ ಹಿರಿಯರು ಪ್ರಾರ್ಥನೆಯ ಜೊತೆಗೆ ಕೈಕೆಲಸವನ್ನೂ ಕಲಿತರು. ಆ ಹೆಂಚುಗಳ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತಿತ್ತು. ಸೋರಿದರೆ ಯಾರ ಹೆಂಚು ಎಂದು ಗೊತ್ತಾಗುತ್ತಿತ್ತು. ಕಾಕಾರ ಶೆಡ್ಡಿನ ಒಂದು ಹೆಂಚು ಹೋದ ಮಳೆಗಾಲದಲ್ಲಿ ಒಡೆದಾಗ ಕೆಳಗೆ ತೆಗೆದಿದ್ದರು, ಆ ಅಕ್ಷರ ಕೈಯಲ್ಲಿ ಸವರಿ ನೋಡಿದೆ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತಾರೆ, ಹತ್ತರ ಒಳಗೆ ಗಾಡಿ ಬಿಡಿ. ಭಾನುವಾರ ಇಲ್ಲ. ಡಿಸೆಂಬರ್ ಕೊನೆಯ ವಾರ, ಗುಡ್ ಫ್ರೈಡೇ ಇಲ್ಲ. ಯುಪಿಐ ನಡೆಯುತ್ತೆ. ಕೆಲಸ ಮಾಡುವಾಗ ಫೋನ್ ಎತ್ತುವುದಿಲ್ಲ, ಮಧ್ಯಾಹ್ನ ಎರಡರ ಸುಮಾರಿಗೆ ಮಾಡಿ. ಚೌಕಾಸಿ ಮಾಡಬೇಡಿ, ಅವರು ಮೊದಲೇ ಸರಿಯಾದದ್ದನ್ನೇ ಹೇಳಿರುತ್ತಾರೆ. ಬಿಲ್ ಎಷ್ಟಾಯಿತೋ ಅಷ್ಟಕ್ಕೇ ಸಿಗುತ್ತೆ.

ನನ್ನ ಅಡುಗೆಮನೆಯ ಕಿಟಕಿಯ ಹತ್ತಿರ ಈಗ ಅಂಥ ಎಂಟು ಬಾಟಲಿಗಳಿವೆ. ಒಂದೊಂದರ ತಳದಲ್ಲೂ ಸ್ವಲ್ಪ ಸ್ವಲ್ಪ. ಎಲ್ಲ ಒಂದೇ ಜಾತಿಯ ಎಣ್ಣೆ, ಸೇರಿಸಿದರೆ ಒಂದು ಸರ್ವಿಸ್‌ಗೆ ಆಗುತ್ತೆ ಎಂದು ಕಾಕಾ ಹೇಳಿದ್ದಾರೆ. ಮುಂದಿನ ತಿಂಗಳು ತೆಗೆದುಕೊಂಡು ಹೋಗುತ್ತೇನೆ, ಆ ಸಲ ಎಣ್ಣೆಗೆ ಹಣ ಹಿಡಿಯುವುದಿಲ್ಲವಂತೆ.